ಬಿರುಗಾಳಿಯ ಜಾಡು: ಕಾಫಿ ತೋಟಗಳಲ್ಲಿ ಗಾಳಿಯಿಂದಾಗುವ ನಷ್ಟವೂ ಅದರ ನಿವಾರಣೋಪಾಯಗಳೂ



ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ಸೀಮೆಯ ಜಮೀನುದಾರರಿಗೆ ಮಳೆಯ ಲೆಕ್ಕವು ಬಾಯಿಪಾಠವಾಗಿರುತ್ತದೆ. ಹೂಮಳೆಯು ಯಾವ ದಿನ ಬಿದ್ದಿತು, ಆರಿದ್ರೆಯು ಎಷ್ಟು ಸುರಿಯಿತು, ಆಶ್ಲೇಷದಲ್ಲಿ ಭದ್ರೆಯ ನೀರು ಎಲ್ಲಿಯವರೆಗೆ ಏರಿತು ಎಂದು ಕೇಳಿದರೆ ಪ್ರತಿಯೊಂದು ಮನೆಯಲ್ಲಿಯೂ ಉತ್ತರವು ದೊರೆಯುವುದು. ಅನೇಕ ತೋಟಗಳಲ್ಲಿ ಮಳೆಯ ಅಳತೆಯನ್ನು ದಿನವಹಿ ಬರೆದಿಡುವ ಪದ್ಧತಿಯೂ ಉಂಟು. ಆದರೆ ಗಾಳಿಯ ಲೆಕ್ಕವನ್ನಿಡುವವರು ಬಹಳ ವಿರಳ. ಮರಗಳು ಉರುಳಿದ ಮಾರನೆಯ ದಿನವೇ ಕೊಡಲಿ ಗರಗಸಗಳು ಹೊರಬೀಳುವುವು. ಎಂಟು ಹತ್ತು ದಿನಗಳೊಳಗಾಗಿ ದಿಮ್ಮಿಗಳು ಲಾರಿಯನ್ನೇರಿ ಹೋಗುವುವು. ಗಾಳಿಯು ಯಾವ ದಿಕ್ಕಿನಿಂದ ಬಂದಿತು, ತೋಟದೊಳಕ್ಕೆ ಎಲ್ಲಿ ನುಗ್ಗಿತು, ಯಾವ ಮರವನ್ನು ಕೆಡಹಿತು, ಯಾವುದನ್ನು ಉಳಿಸಿತು ಎಂಬುದಕ್ಕೆ ಸಾಕ್ಷಿಯೇ ಇಲ್ಲದಂತಾಗುವುದು. ತರುವಾಯ ಅದೇ ಸ್ಥಳದಲ್ಲಿ ಅದೇ ಜಾತಿಯ ಮರವನ್ನೇ ನೆಡುವರು. ಕೆಲವು ವರ್ಷಗಳಲ್ಲಿ ಗಾಳಿಯು ಅದೇ ದಾರಿಯನ್ನು ಹಿಡಿದು ಪುನಃ ಬರುವುದು.

ಆದಕಾರಣ ಗಾಳಿಯ ಜಾಡನ್ನು ಓದಿ ಬರೆದಿಟ್ಟುಕೊಳ್ಳದೆ ಬಿದ್ದ ಮರಗಳನ್ನು ತೆಗೆಯಬಾರದೆಂಬುದೇ ಈ ಉಪನ್ಯಾಸದ ಮುಖ್ಯ ತಾತ್ಪರ್ಯವಾಗಿರುತ್ತದೆ. ಆ ಜಾಡಿನಲ್ಲಿ ನಷ್ಟದ ಕಾರಣವೂ, ಮುಂದಿನ ನೆಡುವಿಕೆಯ ಕ್ರಮವೂ, ಸರ್ಕಾರದಿಂದ ಪರಿಹಾರವನ್ನು ಕೇಳುವುದಕ್ಕೆ ಬೇಕಾದ ಆಧಾರವೂ ಅಡಗಿರುವುವು.

ಜನರು ಮರಗಳನ್ನು ಕೆಡಹಿದ ಗಾಳಿಯನ್ನೆಲ್ಲಾ ಸುಂಟರಗಾಳಿಯೆಂದೇ ಕರೆಯುವುದು ರೂಢಿ. ವಾಸ್ತವವಾಗಿ ಮೂರು ಬಗೆಯ ಗಾಳಿಗಳನ್ನು ಬೇರೆಬೇರೆಯಾಗಿ ತಿಳಿದುಕೊಳ್ಳುವುದು ಅವಶ್ಯಕ. ನಿಜವಾದ ಸುಂಟರಗಾಳಿಯೆಂದರೆ ಗುಡುಗಿನ ಮೋಡದ ತಳದಿಂದ ನೆಲದವರೆಗೆ ಇಳಿದು, ತನ್ನ ಸುತ್ತ ತಾನೇ ಅತಿ ವೇಗದಿಂದ ತಿರುಗುತ್ತಾ ಸಾಗುವ ಗಾಳಿಯ ಕಂಬ. ಅದರ ಜಾಡು ಕಿರಿದಾಗಿ ನೀಳವಾಗಿರುವುದು. 1978ನೆಯ ಇಸವಿ ಮಾರ್ಚಿ 17ರಂದು ದೆಹಲಿಯ ಉತ್ತರ ಭಾಗದಲ್ಲಿ ಇಂತಹ ಗಾಳಿಯೆದ್ದು, ಸುಮಾರು 5 ಕಿಲೋಮೀಟರ್ ಉದ್ದ ಮತ್ತು 50 ಮೀಟರಿನಷ್ಟು ಅಗಲದ ಪಟ್ಟಿಯಲ್ಲಿ ಕೆಲವೇ ನಿಮಿಷಗಳಲ್ಲಿ ಹಾವಳಿಮಾಡಿತು. 28 ಜನರು ಮೃತಪಟ್ಟರು. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ಸಾಟೂರಿಯಾ ಪ್ರಾಂತದಲ್ಲಿ ಬೀಸಿದ ಸುಂಟರಗಾಳಿಗೆ ಸುಮಾರು 1,300 ಜನರು ಬಲಿಯಾದರೆಂದು ಅಂದಾಜು ಮಾಡಲಾಗಿದೆ. 2024ರ ಮಾರ್ಚಿ 31ರಂದು ಬಂಗಾಳದ ಜಲಪಾಯ್‌ಗುರಿ ಜಿಲ್ಲೆಯ ಮಯ್ನಾಗುರಿ ಸುತ್ತಮುತ್ತ ಕೆಲವು ನಿಮಿಷಗಳ ಕಾಲ ಬೀಸಿದ ಇಂತಹುದೇ ಗಾಳಿಯು ಮನೆಗಳನ್ನೂ ಮರಗಳನ್ನೂ ನೆಲಸಮಮಾಡಿತು. ನಮ್ಮ ದೇಶದಲ್ಲಿ ಈ ಉಪದ್ರವವು ಹೆಚ್ಚಾಗಿ ಉತ್ತರ ಮತ್ತು ಪೂರ್ವದ ಬಯಲು ಸೀಮೆಗಳದು. ಮಲೆನಾಡಿನ ತೋಟಗಳನ್ನು ಬಹುಮಟ್ಟಿಗೆ ಕೆಡಿಸುವವು ಉಳಿದ ಎರಡು ಬಗೆಯ ಗಾಳಿಗಳು.

ಎರಡನೆಯದು ಬೇಸಿಗೆಯ ಗುಡುಗುಮಳೆಯ ಗಾಳಿ. ರೇವತಿ, ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ ಹಗಲೆಲ್ಲಾ ಕಾದ ನೆಲದ ಮೇಲೆ ಮಧ್ಯಾಹ್ನಾನಂತರ ದೊಡ್ಡ ಮೋಡಗಳು ಕಟ್ಟುವುವು. ಮೋಡದೊಳಗೆ ಮಳೆಯ ಹನಿಗಳಿಂದಲೂ ಆಲಿಕಲ್ಲುಗಳಿಂದಲೂ ತಂಪಾಗಿ ಭಾರವಾದ ಗಾಳಿಯು ಒಮ್ಮೆಗೇ ಕೆಳಕ್ಕೆ ಧುಮುಕಿ, ನೆಲಕ್ಕೆ ತಾಗಿ, ಕೊಡದ ನೀರನ್ನು ಅಂಗಳದಲ್ಲಿ ಚೆಲ್ಲಿದಂತೆ ಸುತ್ತಲೂ ಹರಡುವುದು. ಇದರ ಆಯುಸ್ಸು ಹತ್ತು ಹದಿನೈದು ನಿಮಿಷಗಳು ಮಾತ್ರವಾದರೂ, ಒಂದು ತೋಟವನ್ನು ಮಲಗಿಸಿ ಪಕ್ಕದ ತೋಟವನ್ನು ಮುಟ್ಟದೆ ಹೋಗುವಷ್ಟು ವಿಚಿತ್ರವಾದ ಶಕ್ತಿಯು ಇದಕ್ಕೆ ಉಂಟು.

ಮೂರನೆಯದು ಮುಂಗಾರಿನ ಬಿರುಗಾಳಿ. ಅರಬ್ಬೀ ಸಮುದ್ರದಿಂದ ಬರುವ ಪಶ್ಚಿಮ ಮತ್ತು ನೈಋತ್ಯದ ಗಾಳಿಯು ಘಟ್ಟದ ಗೋಡೆಗೆ ಎದುರಾಗಿ, ಮೇಲಕ್ಕೇರಿ, ಕುದುರೆಮುಖ, ಬಲ್ಲಾಳರಾಯನ ದುರ್ಗ, ಚಾರ್ಮಾಡಿ ಇವುಗಳ ಸಾಲನ್ನು ದಾಟಿ ಕಳಸ, ಮೂಡಿಗೆರೆಗಳ ಕಡೆಗೆ ಇಳಿಯುವುದು. ಗುಡ್ಡದ ನೆತ್ತಿಯ ಮೇಲೆಯೂ, ಎರಡು ಗುಡ್ಡಗಳ ನಡುವಣ ಕಣಿವೆಯ ಬಾಯಿಯಲ್ಲಿಯೂ ಅದರ ವೇಗವು ಹೆಚ್ಚುವುದು. ಅಗಲವಾದ ಹೊಳೆಯ ನೀರು ಕಿರಿದಾದ ಕಿಂಡಿಯಲ್ಲಿ ರಭಸವಾಗಿ ನುಗ್ಗುವಂತೆಯೇ ಇದು. 2024ನೆಯ ಇಸವಿಯ ಜುಲೈ ತಿಂಗಳಿನಲ್ಲಿ, ಪುನರ್ವಸು ಮತ್ತು ಪುಷ್ಯ ಮಳೆಗಳ ಕಾಲದಲ್ಲಿ, ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲ್ಲೂಕುಗಳಲ್ಲಿ ಬೀಸಿದ ಗಾಳಿಯು ಈ ಬಗೆಯದು. ಮರಗಳು ರಸ್ತೆಗಡ್ಡವಾಗಿ ಬಿದ್ದುವು. ವಿದ್ಯುತ್ ಕಂಬಗಳು ಮುರಿದುವು. ಹಳ್ಳಿಗಳು ಕತ್ತಲಲ್ಲಿ ಉಳಿದುವು. ಶಾಲೆಗಳಿಗೆ ರಜೆಯನ್ನು ಸಾರಬೇಕಾಯಿತು. ಅಂತಹ ಗಾಳಿಯು ಒಂದು ಗಳಿಗೆಯಲ್ಲಿ ಮುಗಿಯುವುದಲ್ಲ. ದಿನಗಟ್ಟಲೆ ಒಂದೇ ದಿಕ್ಕಿನಿಂದ ತಳ್ಳುತ್ತಿರುವುದು. ಆ ವೇಳೆಗೆ ನೆಲವಾದರೋ ಮಳೆಯಿಂದ ನೆನೆದು ಮೆತ್ತಗಾಗಿ, ಬೇರಿನ ಹಿಡಿತವು ಸಡಿಲವಾಗಿರುವುದು.

ಈ ಮೂರರಲ್ಲಿ ಯಾವುದು ಬೀಸಿತೆಂಬುದನ್ನು ಬಿದ್ದ ಮರಗಳೇ ಹೇಳುವುವು. ಮರಗಳೆಲ್ಲವೂ ಒಂದೇ ದಿಕ್ಕಿಗೆ ತಲೆಮಾಡಿ ಬಿದ್ದಿದ್ದರೆ ಅದು ನೇರವಾದ ಬಿರುಗಾಳಿ. ಒಂದು ಸ್ಥಳದಿಂದ ಹೊರಕ್ಕೆ, ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡು ಬಿದ್ದಿದ್ದರೆ ಮೋಡದಿಂದ ಧುಮುಕಿದ ಗಾಳಿ. ಕಿರಿದಾದ ಪಟ್ಟಿಯಲ್ಲಿ ಒಂದರ ಮೇಲೊಂದು ಅಡ್ಡಡ್ಡವಾಗಿ, ಎರಡೂ ಪಕ್ಕಗಳಿಂದ ನಡುಗೆರೆಯ ಕಡೆಗೆ ತಲೆಹಾಕಿ ಬಿದ್ದಿದ್ದರೆ ಮಾತ್ರ ಅದು ಸುತ್ತುವ ಗಾಳಿಯ ಗುರುತು. ಹವಾಮಾನದ ತಜ್ಞರು ಗಾಳಿಯ ಬಗೆಯನ್ನು ನಿರ್ಣಯಿಸುವುದಕ್ಕೆ ಬಿದ್ದ ಮರಗಳ ಇದೇ ಗುರುತುಗಳನ್ನು ಹುಡುಕುತ್ತಾರೆ. ಇದಕ್ಕೆ ಯಂತ್ರವು ಬೇಕಾಗಿಲ್ಲ. ದಿಕ್ಕು ಬಲ್ಲ ಮನುಷ್ಯನೂ ಒಂದು ಹಾಳೆ ಕಾಗದವೂ ಸಾಕು.

ಎರಡನೆಯ ಪರೀಕ್ಷೆಯು ಇದಕ್ಕಿಂತಲೂ ಮುಖ್ಯವಾದದ್ದು. ಮರವು ಬುಡಸಮೇತ ಕಿತ್ತು ಬಿದ್ದಿದೆಯೋ, ಅಥವಾ ಬುಡವು ನಿಂತು ನಡುವೆ ಮುರಿದಿದೆಯೋ ಎಂಬುದನ್ನು ನೋಡತಕ್ಕದ್ದು. ಬುಡಸಮೇತ ಬಿದ್ದಿದ್ದರೆ ತಪ್ಪು ನೆಲದ್ದು ಅಥವಾ ಬೇರಿನದು. ಅಲ್ಲಿ ನೀರು ನಿಂತಿರಬಹುದು, ಬಸಿಗಾಲುವೆಯು ಮುಚ್ಚಿಹೋಗಿರಬಹುದು, ರಸ್ತೆಯನ್ನು ಕಡಿಯುವಾಗ ಒಂದು ಪಕ್ಕದ ಬೇರುಗಳು ತುಂಡಾಗಿರಬಹುದು, ಬೇರಿಗೆ ಕೊಳೆ ಹತ್ತಿರಬಹುದು. ನಡುವೆ ಮುರಿದಿದ್ದರೆ ಬೇರು ತನ್ನ ಕೆಲಸವನ್ನು ಮಾಡಿದೆ. ದೋಷವು ಮರದ ಜಾತಿಯದು, ಅಥವಾ ಮರಗಸಿ ಮಾಡಿದ ಕ್ರಮದ್ದು. ಮೊದಲನೆಯದಕ್ಕೆ ಔಷಧವು ಬಸಿಗಾಲುವೆ. ಎರಡನೆಯದಕ್ಕೆ ಮರದ ಬದಲಾವಣೆ. ಕಾರಣವನ್ನು ತಿಳಿಯದೆ ಖರ್ಚುಮಾಡಿದ ಹಣವು ವ್ಯರ್ಥವಾಗುವುದು.

ಗಾಳಿಯ ಬಲದ ವಿಷಯದಲ್ಲಿ ಒಂದು ಲೆಕ್ಕವನ್ನು ಜ್ಞಾಪಕದಲ್ಲಿಡತಕ್ಕದ್ದು. ವೇಗವು ಎರಡರಷ್ಟಾದರೆ ಮರದ ಮೇಲೆ ಬೀಳುವ ಒತ್ತಡವು ನಾಲ್ಕರಷ್ಟಾಗುವುದು, ಮೂರರಷ್ಟಾದರೆ ಒಂಬತ್ತರಷ್ಟು. ನಾವಿಕರು ಏರ್ಪಡಿಸಿದ ಬ್ಯೂಫೋರ್ಟ್ ಮಾನದ ಪ್ರಕಾರ, ಗಂಟೆಗೆ 62 ಕಿಲೋಮೀಟರ್ ವೇಗದಲ್ಲಿ ಮರಗಳ ರೆಂಬೆಗಳು ಮುರಿಯತೊಡಗುವುವು. 89 ಕಿಲೋಮೀಟರನ್ನು ಮೀರಿದರೆ ಮರಗಳು ಬುಡಮೇಲಾಗುವುವು. ಈ ಎರಡಕ್ಕೂ ನಡುವೆ ವೇಗದ ಅಂತರವು ಒಂದೂವರೆಯ ಒಳಗಿದ್ದರೂ ಒತ್ತಡವು ಎರಡರಷ್ಟಾಗಿರುವುದು. ಆದ್ದರಿಂದ ಗಾಳಿಯ ವೇಗವನ್ನು ಸ್ವಲ್ಪವೇ ತಗ್ಗಿಸಿದರೂ ತೋಟಕ್ಕೆ ಬಹಳ ಉಪಕಾರವಾಗುವುದು.

ಇನ್ನು ಮರಗಳ ವಿಷಯ. ಸಿಲ್ವರ್ ಓಕ್ ಮರವು ಆಸ್ಟ್ರೇಲಿಯಾ ದೇಶದಿಂದ ಬಂದದ್ದು. ಬೇಗ ಬೆಳೆಯುವುದು, ನೇರವಾಗಿ ಏರುವುದು, ಮೆಣಸಿನ ಬಳ್ಳಿಗೆ ಆಧಾರವಾಗುವುದು, ಮಾರಿದರೆ ಕೈಗೆ ಹಣವನ್ನೂ ಕೊಡುವುದು. ಈ ಗುಣಗಳಿಂದ ಅದು ತೋಟಗಳಲ್ಲೆಲ್ಲಾ ಹಬ್ಬಿರುವುದು ಆಶ್ಚರ್ಯವಲ್ಲ. ಆದರೆ ಅದರ ಮರವು ಪೆಡಸು. ಬಲವಾದ ಗಾಳಿಗೆ ಬಾಗದೆ ಮುರಿಯುವ ಸ್ವಭಾವದ್ದು. ಒಂದೇ ಜಾತಿಯ, ಒಂದೇ ವಯಸ್ಸಿನ, ಒಂದೇ ಎತ್ತರದ ಮರಗಳಿಂದ ತುಂಬಿದ ತೋಟದಲ್ಲಿ ಅಂಚಿನ ಸಾಲು ಮುರಿದರೆ ಒಳಗಿನ ಸಾಲುಗಳಿಗೆ ಆಸರೆಯಿಲ್ಲ. ಅತ್ತಿ, ಬಸರಿ, ಗೋಣಿ, ಹಲಸು, ನೇರಳೆ ಮೊದಲಾದ ಕಾಡು ಮರಗಳನ್ನು ಹಿರಿಯರು ಮೇಲು ನೆರಳಿಗಾಗಿ ಉಳಿಸಿ, ಕೆಳಗೆ ಹಾಲವಾಣವನ್ನು ಬೆಳೆಸಿದ ಪದ್ಧತಿಯಲ್ಲಿ ಎತ್ತರಗಳೂ ಬೇರುಗಳೂ ಬೇರೆಬೇರೆಯಾಗಿದ್ದು ಗಾಳಿಯ ರಭಸವು ಮೆಟ್ಟಿಲುಮೆಟ್ಟಿಲಾಗಿ ಕುಗ್ಗುತ್ತಿದ್ದಿತು. ಸಿಲ್ವರ್ ಓಕನ್ನು ಸಂಪೂರ್ಣವಾಗಿ ಬಿಡಬೇಕೆಂದು ಇದರ ಅರ್ಥವಲ್ಲ. ಅದೊಂದನ್ನೇ ನಂಬಬಾರದೆಂದು ಮಾತ್ರ.

ನಷ್ಟದ ಪರಿಮಾಣವನ್ನು ಅನೇಕರು ಬಿದ್ದ ಮರಗಳ ಸಂಖ್ಯೆಯಿಂದ ಎಣಿಸುವರು. ಇದು ಸರಿಯಲ್ಲ. ಮರವೊಂದು ಬಿದ್ದಾಗ ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯು ಹೋಗುವುದು; ಕೆಳಗಿನ ಕಾಫಿ ಗಿಡಗಳು ಸೀಳುವುವು. ಇವು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟವು ಆಮೇಲೆ ಬರುವುದು. ನೆರಳಿನಲ್ಲಿ ಬೆಳೆದ ಗಿಡದ ಮೇಲೆ ಒಮ್ಮೆಗೇ ಬಿಸಿಲು ಬಿದ್ದರೆ ಎಲೆಗಳು ಸುಟ್ಟು ಉದುರುವುವು. ಅದಕ್ಕಿಂತಲೂ ಹೆಚ್ಚಾಗಿ, ನೆರಳು ತಪ್ಪಿ ಬಿಸಿಲು ತಾಗಿದ ಅರೇಬಿಕಾ ಗಿಡದ ಕಾಂಡವನ್ನು ಬಿಳಿ ಕಾಂಡಕೊರಕ, ಎಂದರೆ ತೋಟದವರು ಬೋರರ್ ಎಂದು ಕರೆಯುವ ಹುಳು, ಹುಡುಕಿಕೊಂಡು ಬರುವುದು. ಅದರ ದುಂಬಿಗಳು ಏಪ್ರಿಲ್-ಮೇ ತಿಂಗಳುಗಳಲ್ಲಿಯೂ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೂ ಹಾರಾಡಿ ಮೊಟ್ಟೆಯಿಡುವುವು. ಜುಲೈ ತಿಂಗಳ ಗಾಳಿಯು ತೆರೆದ ಬಾಗಿಲಿನಿಂದ ಅಕ್ಟೋಬರಿನಲ್ಲಿ ಬೋರರ್ ಒಳಹೊಗುವುದು. ಗಾಳಿಯು ಕೆಡಹಿದ್ದು ಹತ್ತು ಮರಗಳಾದರೆ, ಎರಡು ವರ್ಷಗಳಲ್ಲಿ ಹುಳುವು ನೂರಾರು ಗಿಡಗಳನ್ನು ಕೆಡಿಸಬಲ್ಲುದು.

ಗಾಳಿಯು ನಿಂತ ಮೇಲೆ ಮಾಡತಕ್ಕ ಕಾರ್ಯಗಳಲ್ಲಿ ಮನುಷ್ಯರ ಪ್ರಾಣರಕ್ಷಣೆಯು ಮೊದಲನೆಯದು. ಗಾಳಿಯು ಬೀಸುತ್ತಿರುವಾಗ ಆಳುಗಳನ್ನು ಮರದ ಕೆಳಗೆ ಕೆಲಸಕ್ಕೆ ನಿಲ್ಲಿಸಕೂಡದು. ಅರ್ಧ ದಿನದ ಕೆಲಸವು ಹೋಗಲಿ, ಒಂದು ಸಂಸಾರವು ಅನಾಥವಾಗಬಾರದು. ಹರಿದು ಬಿದ್ದ ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ಊಹಿಸಿ ಯಾರೂ ಮುಟ್ಟಕೂಡದು; 1912 ಎಂಬ ಸಂಖ್ಯೆಗೆ ದೂರವಾಣಿಯ ಮೂಲಕ ತಿಳಿಸಿ, ಲೈನಿನವರು ಬರುವವರೆಗೆ ಕಾವಲಿಡತಕ್ಕದ್ದು. ಇನ್ನೊಂದು ಮರಕ್ಕೆ ಒರಗಿ ನಿಂತ ಮರವನ್ನೂ, ಬಿಲ್ಲಿನಂತೆ ಬಾಗಿ ಸಿಕ್ಕಿಕೊಂಡ ಕೊಂಬೆಯನ್ನೂ ಪಳಗಿದ ಕೈಗಳಿಂದಲೇ ಕಡಿಯಿಸತಕ್ಕದ್ದು. ಬುಡದ ಸುತ್ತ ನೆಲವು ಬಿರಿದು ವಾಲಿರುವ ಮರವು ಬಿದ್ದಿಲ್ಲವೆಂದು ಸಮಾಧಾನಪಡಬಾರದು. ಅದು ಮುಂದಿನ ಗಾಳಿಗೆ ಬೀಳುವ ಮರ. ಆಳುಗಳ ಲೈನ್ ಮನೆಗಳ ಸುತ್ತಲಿನ ಇಂತಹ ಮರಗಳನ್ನು ಎಲ್ಲಕ್ಕಿಂತ ಮುಂಚೆ ಗಮನಿಸಬೇಕು.

ಎರಡನೆಯದು ದಾಖಲೆ. ದಾರಿಯನ್ನು ತೆರವುಮಾಡಿದ ನಂತರ, ಉಳಿದ ಮರಗಳಿಗೆ ಕೊಡಲಿಯನ್ನು ಹಾಕುವ ಮುಂಚೆ, ತೋಟದ ಒಂದು ನಕ್ಷೆಯನ್ನು ಕೈಯಿಂದಲೇ ಬರೆದು, ಬಿದ್ದ ಪ್ರತಿಯೊಂದು ಮರವನ್ನೂ ಒಂದು ಬಾಣದಿಂದ ಗುರುತಿಸತಕ್ಕದ್ದು. ಬಾಣದ ಮೊನೆಯು ಮರದ ತಲೆಯಿರುವ ಕಡೆಗೆ ಇರಲಿ. ಪಕ್ಕದಲ್ಲಿ ಜಾತಿ, ಕಿತ್ತದ್ದೋ ಮುರಿದದ್ದೋ ಎಂಬ ವಿವರ, ಕೆಳಗೆ ಹಾಳಾದ ಕಾಫಿ ಗಿಡಗಳ ಮತ್ತು ಮೆಣಸಿನ ಬಳ್ಳಿಗಳ ಸಂಖ್ಯೆ, ಸರ್ವೆ ನಂಬರು, ತಾರೀಖು, ವೇಳೆ ಇಷ್ಟನ್ನು ಬರೆಯತಕ್ಕದ್ದು. ಛಾಯಾಚಿತ್ರಗಳನ್ನೂ ತೆಗೆದಿಡತಕ್ಕದ್ದು. ಹಿಂದೆ ಪಟೇಲರೂ ಶಾನುಭೋಗರೂ ಸ್ಥಳಕ್ಕೆ ಬಂದು ನೋಡುತ್ತಿದ್ದ ಕೆಲಸವನ್ನು ಈಗ ಗ್ರಾಮ ಆಡಳಿತ ಅಧಿಕಾರಿಗಳೂ ಕಂದಾಯ ನಿರೀಕ್ಷಕರೂ ಮಾಡುತ್ತಾರೆ. ಅವರು ಬರುವ ಹೊತ್ತಿಗೆ ಮರಗಳೆಲ್ಲಾ ಮಾಯವಾಗಿದ್ದರೆ, ಯಾವುದನ್ನು ನೋಡಿ ವರದಿ ಬರೆಯಬೇಕು? ಬೀಟೆ, ಗಂಧ, ತೇಗಗಳು ಬಿದ್ದಿದ್ದರೆ ಅರಣ್ಯ ಇಲಾಖೆಗೆ ತಿಳಿಸದೆ ಕಡಿಯುವುದಾಗಲಿ ಸಾಗಿಸುವುದಾಗಲಿ ಕೂಡದು.

ಪರಿಹಾರದ ನಿಯಮವನ್ನೂ ತಿಳಿದಿರುವುದು ಒಳ್ಳೆಯದು. ರಾಜ್ಯ ವಿಪತ್ತು ಪರಿಹಾರ ನಿಧಿಗೆ 2022-23ರಿಂದ 2025-26ರವರೆಗೆ ಗೊತ್ತುಮಾಡಿದ ದರಗಳ ಪ್ರಕಾರ, ಬಹುವಾರ್ಷಿಕ ಬೆಳೆಗಳು 100ಕ್ಕೆ 33 ಭಾಗ ಅಥವಾ ಅದಕ್ಕಿಂತ ಹೆಚ್ಚು ಹಾಳಾದರೆ ಹೆಕ್ಟೇರಿಗೆ 22,500 ರೂಪಾಯಿಗಳು. ಅದೂ 2 ಹೆಕ್ಟೇರುಗಳಿಗೆ ಮಾತ್ರ. ಆರಡಿಗೆ ಆರಡಿ ಅಂತರದಲ್ಲಿ ನೆಟ್ಟ ಒಂದು ಎಕರೆಯಲ್ಲಿ 1,210 ಕಾಫಿ ಗಿಡಗಳು ಹಿಡಿಯುವುವು. ಅವುಗಳಲ್ಲಿ 400 ಗಿಡಗಳು ಹಾಳಾದಾಗ ನಷ್ಟವು ಈ ಮಿತಿಯನ್ನು ಮುಟ್ಟುವುದು. ಎಣಿಸಿ ಬರೆದವನಿಗೆ ಇದನ್ನು ತೋರಿಸುವುದು ಸುಲಭ. ಮತ್ತೊಂದು ಸಂಗತಿ: ಆ ನಿಯಮಗಳ ರಾಷ್ಟ್ರೀಯ ಪಟ್ಟಿಯಲ್ಲಿ ಚಂಡಮಾರುತ, ಪ್ರವಾಹ, ಆಲಿಕಲ್ಲು ಮಳೆ, ಭೂಕುಸಿತ, ಮೇಘಸ್ಫೋಟ ಮೊದಲಾದವುಗಳ ಹೆಸರಿದೆ, ಬರಿಯ ಬಿರುಗಾಳಿಯ ಹೆಸರಿಲ್ಲ. ಸ್ಥಳೀಯ ವಿಪತ್ತೆಂದು ರಾಜ್ಯವು ಸಾರಿದವುಗಳಿಗೆ ನಿಧಿಯ 10ನೆಯ ಒಂದು ಭಾಗದವರೆಗೆ ಉಪಯೋಗಿಸುವುದಕ್ಕೆ ಅವಕಾಶವಿಟ್ಟಿದೆ. ಆದ್ದರಿಂದ ಅರ್ಜಿಯಲ್ಲಿ ‘ಗಾಳಿಗೆ ಮರ ಬಿತ್ತು’ ಎಂದು ಒಂದೇ ಸಾಲು ಬರೆದು ಬಿಡದೆ, ಆ ದಿನ ನಡೆದುದೆಲ್ಲವನ್ನೂ, ಅಂದರೆ ಮಳೆಯ ಅಳತೆ, ಆಲಿಕಲ್ಲು, ಹಳ್ಳದ ನೀರು, ನೆಲಕುಸಿತ ಇವುಗಳಲ್ಲಿ ನಡೆದಷ್ಟನ್ನು ನಿಜವಾಗಿ ಬರೆಯತಕ್ಕದ್ದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳನ್ನೂ ಹೋಬಳಿಗಳಲ್ಲಿ ಹವಾಮಾನ ಮಾಪಕಗಳನ್ನೂ ಇಟ್ಟಿರುತ್ತಾರೆ. ಅವುಗಳ ಅಂಕಿಗಳು ಅರ್ಜಿಗೆ ಬಲವನ್ನು ಕೊಡುವುವು. ಆದರೂ ಎರಡು ಹೆಕ್ಟೇರಿಗೆ 45,000 ರೂಪಾಯಿಗಳು ದೊರೆತರೂ ಹೊಸ ಗಿಡವು ಫಲಕ್ಕೆ ಬರಲು ಮೂರು ನಾಲ್ಕು ವರ್ಷಗಳು ಬೇಕು. ನೆರಳಿನ ಮರಕ್ಕೆ ಇನ್ನೂ ಹೆಚ್ಚು. ಪರಿಹಾರವು ಕೈಯೂರಿ ಏಳುವುದಕ್ಕೆ ಕೋಲು ಮಾತ್ರ.

ಮೂರನೆಯದು ಗಿಡಗಳ ಆರೈಕೆ. ಕಾಫಿ ಗಿಡಗಳ ಮೇಲೆ ಬಿದ್ದ ಎಲೆ ಕಸವನ್ನು ಕೂಡಲೇ ತೆಗೆಯತಕ್ಕದ್ದು. ಮಳೆಗಾಲದಲ್ಲಿ ಅದು ಗಿಡದ ಮೇಲೆಯೇ ಉಳಿದರೆ ಕೊಳೆರೋಗಕ್ಕೆ ಎಡೆಯಾಗುವುದು. ಸೀಳಿದ ರೆಂಬೆಗಳನ್ನು ಹರಿತವಾದ ಕತ್ತಿಯಿಂದ ನುಣುಪಾಗಿ ಕತ್ತರಿಸಿ, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರು ನೀರು ಈ ಪ್ರಮಾಣದ ಬೋರ್ಡೋ ಮುಲಾಮನ್ನು ಗಾಯಕ್ಕೆ ಬಳಿಯತಕ್ಕದ್ದು. ಬುಡವು ಗಟ್ಟಿಯಾಗಿದ್ದು ಮೇಲ್ಭಾಗವು ಹಾಳಾದ ಗಿಡವನ್ನು ಕಿತ್ತೆಸೆಯದೆ, ಕೊಯ್ಲು ಮುಗಿದ ಮೇಲೆ ನೆಲದಿಂದ ಒಂದಡಿ ಎತ್ತರದಲ್ಲಿ ಓರೆಯಾಗಿ ಕತ್ತರಿಸಿದರೆ ಹೊಸ ಚಿಗುರು ಬರುವುದು. ಎಳೆಯ ಗಿಡಗಳು ಗಾಳಿಗೆ ಅಲುಗಾಡಿ, ಬುಡದ ತೊಗಟೆಯು ಮಣ್ಣಿಗೆ ಉಜ್ಜಿ ಗಾಯವಾಗುವುದುಂಟು. ಅವುಗಳಿಗೆ ಊರೆಗೋಲನ್ನು ಕಟ್ಟತಕ್ಕದ್ದು. ಬಿಸಿಲಿಗೆ ತೆರೆದ ಅರೇಬಿಕಾ ಗಿಡಗಳ ಕಾಂಡಕ್ಕೆ ಬೋರರ್ ಹಾರುವ ಕಾಲಕ್ಕೆ ಮುಂಚೆ 100ಕ್ಕೆ 10ರ ಸುಣ್ಣದ ನೀರನ್ನು ಬಳಿದು, ಹುಳು ಹಿಡಿದ ಗಿಡಗಳನ್ನು ಮಾರ್ಚಿ ಮತ್ತು ಸೆಪ್ಟೆಂಬರಿನಲ್ಲಿ ಹುಡುಕಿ ಸುಡತಕ್ಕದ್ದು.

ಇಳಿಜಾರಿನಲ್ಲಿ ಮರಗಳು ಬುಡಸಮೇತ ಕಿತ್ತ ಗುಂಡಿಗಳನ್ನು ಹಾಗೆಯೇ ಬಿಡಕೂಡದು. 2019ನೆಯ ಇಸವಿ ಆಗಸ್ಟ್ 8 ಮತ್ತು 9ರ ಸುಮಾರಿನಲ್ಲಿ, ಆಶ್ಲೇಷ ಮಳೆಯು ಅತಿಯಾಗಿ ಸುರಿದಾಗ, ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದ ಕಡೆಗಳಲ್ಲಿ ಗುಡ್ಡಗಳು ಜರಿದು ಮನೆಗಳೂ ತೋಟಗಳೂ ಹಾಳಾದುದನ್ನೂ, ಚಾರ್ಮಾಡಿ ಘಟ್ಟದ ರಸ್ತೆಯು ಮುಚ್ಚಿಹೋದುದನ್ನೂ ಈ ಸೀಮೆಯವರು ಮರೆತಿಲ್ಲ. ಕುಡಿದ ನೀರನ್ನು ಹೊರಹಾಕಲಾರದ ಇಳಿಜಾರು ಜರಿಯುವುದು. ಗಾಳಿಯು ತೋಡಿದ ಗುಂಡಿಯು ನೀರನ್ನು ಗುಡ್ಡದ ಹೊಟ್ಟೆಗೆ ಇಳಿಸುವ ಬಾಯಾಗುವುದು. ಅದನ್ನು ಮಣ್ಣಿನಿಂದ ತುಂಬಿ, ತುಳಿದು ಗಟ್ಟಿಮಾಡಿ, ನೀರು ಪಕ್ಕಕ್ಕೆ ಹರಿಯುವಂತೆ ಕಾಲುವೆಯನ್ನು ತಿರುಗಿಸತಕ್ಕದ್ದು.

ನಾಲ್ಕನೆಯದು ಮುಂದಿನ ನೆಡುವಿಕೆ. ನಕ್ಷೆಯಲ್ಲಿನ ಬಾಣಗಳನ್ನು ನೋಡಿದರೆ ಗಾಳಿಯು ಒಳಹೊಕ್ಕ ಬಾಗಿಲು ತಿಳಿಯುವುದು. ಅಲ್ಲಿ ಗಾಳಿತಡೆಯ ಮರಸಾಲನ್ನು ಮೊದಲು ಬೆಳೆಸತಕ್ಕದ್ದು. ತಡೆಯು ಗೋಡೆಯಂತೆ ಪೂರ್ಣ ಮುಚ್ಚಿರಬಾರದು; ಹಾಗಿದ್ದರೆ ಗಾಳಿಯು ಮೇಲೆ ಹಾರಿ ಹಿಂದುಗಡೆ ಸುಳಿಯಾಗಿ ಬೀಳುವುದು. ಅರ್ಧದಷ್ಟು ಗಾಳಿಯನ್ನು ಸೋಸಿ ಬಿಡುವ ಸಾಲು ಉತ್ತಮವಾದದ್ದು. ಅಂತಹ ಸಾಲು ತನ್ನ ಎತ್ತರದ ಹತ್ತರಷ್ಟು ದೂರದವರೆಗೆ ಚೆನ್ನಾಗಿ ರಕ್ಷಿಸುವುದು. 40 ಅಡಿ ಎತ್ತರದ ಸಾಲಿನ ಹಿಂದೆ 400 ಅಡಿಗಳ ತೋಟವು ಕ್ಷೇಮ. ಎತ್ತರದ, ನಡುತರದ, ಗಿಡ್ಡ ಮರಗಳನ್ನು ಎರಡು ಮೂರು ಸಾಲುಗಳಲ್ಲಿ ಬೆರೆಸಿ ನೆಡತಕ್ಕದ್ದು. ನಡುವೆ ಒಂದು ಕಿಂಡಿಯೂ ಬಿಡಕೂಡದು, ಏಕೆಂದರೆ ಕಿಂಡಿಯಲ್ಲಿ ಗಾಳಿಯು ಇಮ್ಮಡಿಯಾಗಿ ನುಗ್ಗುವುದು. ತೋಟದೊಳಗೆ ಮರಗಸಿ ಮಾಡುವಾಗ ಕೊಂಬೆಗಳನ್ನು ಒಂದೇ ಪಕ್ಕಕ್ಕೆ ಉಳಿಸದೆ ತಲೆಯ ಭಾರವನ್ನು ಸಮವಾಗಿಡತಕ್ಕದ್ದು. ನೆರಳಿನ ಜಾತಿಗಳ ಆಯ್ಕೆಯಲ್ಲಿ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಸಲಹೆಯನ್ನು ಪಡೆಯಬಹುದು. 1925ರಲ್ಲಿ ಮೈಸೂರು ಸರ್ಕಾರವು ಕಾಫಿಯ ಪ್ರಯೋಗಗಳಿಗಾಗಿ ಸ್ಥಾಪಿಸಿದ ಕ್ಷೇತ್ರವೇ ಅದರ ಮೂಲ.

ಕೊನೆಯದಾಗಿ ಗ್ರಾಮದ ಮುಖಂಡರಲ್ಲಿ ಒಂದು ವಿಜ್ಞಾಪನೆ. ಗಾಳಿಗೆ ಬೇಲಿಯಿಲ್ಲ, ಸರ್ವೆ ಕಲ್ಲಿಲ್ಲ. ಪಶ್ಚಿಮದ ಅಂಚಿನ ಜಮೀನುದಾರನು ಹಣದ ತುರ್ತಿಗಾಗಿ ತನ್ನ ಮರಸಾಲನ್ನು ಒಮ್ಮೆಗೇ ಮಾರಿದರೆ, ಮುಂದಿನ ಮಳೆಗಾಲದಲ್ಲಿ ನೆಲಕ್ಕೊರಗುವುದು ಅವನ ಪೂರ್ವದಲ್ಲಿರುವ ಬಡ ಹಿಡುವಳಿದಾರನ ತೋಟ. ಇಂತಹ ಸಾಲುಗಳನ್ನು ಸ್ವಲ್ಪಸ್ವಲ್ಪವಾಗಿ, ಹೊಸ ಸಾಲು ಎದ್ದ ಮೇಲೆಯೇ ಹಳೆಯದನ್ನು ತೆಗೆಯುವಂತೆ ನೆರೆಹೊರೆಯವರೆಲ್ಲಾ ಒಟ್ಟಾಗಿ ಕುಳಿತು ಗೊತ್ತುಮಾಡಿಕೊಳ್ಳುವುದು ಲೇಸು. ಒಬ್ಬೊಬ್ಬರ ನಕ್ಷೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಗಾಳಿಯು ಇಡೀ ಊರನ್ನು ದಾಟಿದ ಜಾಡು ಒಂದೇ ಗೆರೆಯಾಗಿ ಕಾಣುವುದು. ಆ ಕಾಗದವನ್ನು ಗ್ರಾಮದಲ್ಲಿ ಜೋಪಾನವಾಗಿಟ್ಟರೆ ಇಂದು ಚಿಕ್ಕವರಾಗಿರುವವರು ಮರ ನೆಡುವ ಕಾಲಕ್ಕೆ ಅದು ಅವರಿಗೆ ದಾರಿ ತೋರಿಸುವುದು.

ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲನ್ನು ಹಾಕಿದರೆಂಬ ಗಾದೆಯುಂಟು. ಮಲೆನಾಡಿನ ಗಾಳಿಯ ವಿಷಯದಲ್ಲಿ ಆಗಲಾದರೂ ಬಾಗಿಲನ್ನು ಹಾಕಿದವನು ಜಾಣನೇ. ಕೊಳ್ಳೆಗಾರನು ಮುಂದಿನ ವರ್ಷವೂ ಅದೇ ಬಾಗಿಲಿಗೆ ಬರುವನು.